ಪೋಸ್ಟರಿನ ಎಡಮೂಲೆ

ಕೋಡಿಬಾಗದ ಈ ಸಭಾಭವನದಲ್ಲಿ ಟೇಪು ಅಂಟುವುದಿಲ್ಲ.
ಗೋಡೆ ಬೆವರುತ್ತದೆ. ಕಾಳಿ ಕಡಲಿಗೆ ಸೇರುವ ಕಡೆಯಿಂದ
ಬರುವ ಗಾಳಿಗೆ ಉಪ್ಪಿದೆ, ಅಂಟಿಗೆ ಅದು ಗೊತ್ತಿದೆ.
ಬೆಳಿಗ್ಗೆ ಹಚ್ಚಿದ ಮೂವತ್ತೊಂದು ಪೋಸ್ಟರುಗಳಲ್ಲಿ
ಚಹಾದ ಹೊತ್ತಿಗೆ ಹನ್ನೊಂದು ನೆಲದ ಮೇಲೆ:
ಭತ್ತದ ಬೇರು ಬೋರಲು, ಏಲಕ್ಕಿಯ ಕಟ್ಟೆರೋಗ ಅಂಗಾತ,
ಹಾವಸೆಯ ಮೇಲೆ ಯಾರದೋ ಚಪ್ಪಲಿಯ ಗುರುತು.

ವರ್ಷಕ್ಕೊಮ್ಮೆ ಸೇರುತ್ತೇವೆ ನಾವು,
ಮೂರು ದಿನ ಗಿಡಗಳ ಬಗ್ಗೆ ಮಾತಾಡುವವರು,
ಉಳಿದ ದಿನ ಗಿಡಗಳಷ್ಟೂ ಮಾತಾಡದವರು.
ಧಾರವಾಡ, ಶಿರಸಿ, ಮೈಸೂರು, ಮೂಡಿಗೆರೆ.
ಕುತ್ತಿಗೆಗೆ ದಾರ, ದಾರಕ್ಕೆ ಹೆಸರು,
ಹೆಸರಿನ ಕೆಳಗೆ ನಾವು ಸಾಕುವ ಸಸ್ಯದ ಹೆಸರು.
ಊಟದ ಸಾಲಿನಲ್ಲಿ ಕರೆಯುವುದು ಎರಡನೆಯದನ್ನೇ:
"ಜೋಳ, ಸ್ವಲ್ಪ ಸರೀರಿ."
"ಹಾವಸೆಗೆ ಮೀನು ಬೇಡವಂತೆ."

ಕಲ್ಮೇಶ ಸರ್ ಮೈಕಿಗೆ ಎರಡು ಸಲ ಊದಿ ಹೇಳಿದರು:
"ಈ ಸಲ ಗೆದ್ದದ್ದು ಯಾರೂ ಹೇಳಬ್ಯಾಡ್ರಿ.
ಸತ್ತ ಸಸಿ ತರ್ರಿ. ಯಾಕ ಸತ್ತಿತಂತ ಹೇಳ್ರಿ."
ಎಲ್ಲರೂ ನಕ್ಕೆವು. ಯಾರೂ ತಂದಿರಲಿಲ್ಲ.

ಕೋಣೆಗಳ ಪಟ್ಟಿ ಮಾಡಿದವನು ಪಾವ್ಲು ಸಿದ್ದಿ,
ಹಳಿಯಾಳದ ಹೊಸ ಹುಡುಗ, ಹಳೆಯ ಕತೆ ತಿಳಿಯದವನು.
ಏಳನೆಯ ಕೋಣೆಗೆ ಬರೆದಿದ್ದ
ನನ್ನ ಹೆಸರು, ಮತ್ತು ಮಂದಾಕಿನಿ ಪಡ್ತಿ.
ಇಬ್ಬರ ಕೆಳಗೂ ಒಂದೇ ಗಿಡ: ಉಪ್ಪಟ್ಟಿ.

ಹಳೆಯ ಕತೆ ಎಂದರೆ ಅಷ್ಟೇನಿಲ್ಲ.
ಒಬ್ಬರೇ ಗುರು, ಒಂದೇ ದೋಣಿ, ಒಂದೇ ಕೆಸರು.
ಅವಳಿಗೆ ಎಲೆ, ನನಗೆ ಬೇರು ಎಂದು ಹಂಚಿಕೊಂಡಿದ್ದೆವು
ಗದ್ದೆ ಹಿಸೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ.
ಆಮೇಲೆ ಒಂದು ಲೇಖನ, ಅದರಲ್ಲಿ ಹೆಸರುಗಳ ಸಾಲು,
ಸಾಲಿನಲ್ಲಿ ಯಾರು ಮೊದಲು.
ಆರು ವರ್ಷ, ಅಲ್ಪವಿರಾಮವೊಂದರ
ಆ ಬದಿಗೆ ಅವಳು, ಈ ಬದಿಗೆ ನಾನು.

ರಾತ್ರಿ ಸೊಳ್ಳೆಬತ್ತಿ ಯಾರು ಹಚ್ಚುವುದೆಂದು ಕೇಳಲಿಲ್ಲ.
ಹಚ್ಚಲಿಲ್ಲ. ಇಬ್ಬರೂ ಕಚ್ಚಿಸಿಕೊಂಡೆವು.
ಸೇತುವೆಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು.
ಅವಳು ಎಚ್ಚರವಿದ್ದುದು ನನಗೆ ಗೊತ್ತಿತ್ತು,
ನಾನು ಎಚ್ಚರವಿದ್ದುದು ಅವಳಿಗೆ.

ಮರುದಿನ ಹನ್ನೊಂದೂವರೆಗೆ ಅವಳ ಸರದಿ.
ಬಾಯಿ ತೆರೆದಳು. ಪೋಸ್ಟರು ಎಡಮೂಲೆಯಿಂದ
ಬಾಡಿದ ಬಾಳೆಲೆಯ ಹಾಗೆ ಮೆಲ್ಲಗೆ ಮಡಚಿಕೊಂಡಿತು.
ಹತ್ತಿರ ಇದ್ದವಳು ನಾನು.
ಕೈ ಎತ್ತಿದವಳೂ ನಾನೇ ಇರಬೇಕು.
ಯೋಚಿಸಿದ್ದರೆ ಎತ್ತುತ್ತಿರಲಿಲ್ಲ.

ಹದಿನೈದು ನಿಮಿಷ ಗೋಡೆಗೆ ಅಂಗೈ ಒತ್ತಿ ನಿಂತೆ,
ಸೀಟು ಸಿಗದೆ ಬಸ್ಸಿನಲ್ಲಿ ನಿಂತವಳ ಹಾಗೆ.
ಮೂಗಿನ ಮುಂದೆಯೇ ಅವಳ ಎಲೆ, ನೂರು ಪಟ್ಟು ಹಿಗ್ಗಿ,
ಉಪ್ಪಿನ ಗ್ರಂಥಿಗಳು ಹಪ್ಪಳದ ಗುಳ್ಳೆಗಳಂತೆ.
ಅವಳು ಹೇಳುತ್ತಿದ್ದಳು: ಎಲೆ ಉಗುಳುವ ಉಪ್ಪು
ಮೂರನೆಯ ವರ್ಷ ಏಕೋ ಕಡಿಮೆಯಾಯಿತು,
ಕಾರಣವನ್ನು ಎಲೆಯಲ್ಲೇ ಹುಡುಕಿದೆ, ಸಿಗಲಿಲ್ಲ,
ಇದು ನನ್ನ ಸತ್ತ ಸಸಿ.

ಅದೇ ಮೂರನೆಯ ವರ್ಷ ನನ್ನ ಬೇರುಗಳು
ಉಪ್ಪನ್ನು ಬಾಗಿಲಲ್ಲೇ ತಡೆದಿದ್ದವು.
ಯಾಕೆಂದು ತಿಳಿಯದೆ ಆ ಲೆಕ್ಕವನ್ನು
ಮೇಜಿನ ಕೆಳಖಾನೆಗೆ ತಳ್ಳಿ ಬೀಗ ಹಾಕಿದ್ದೆ.
ಗೋಡೆಯ ತೇವ ಅಂಗೈಗೆ ಬಂತು, ಮೊಣಕೈಗೆ ಇಳಿಯಿತು.
ಗಿಡಕ್ಕೆ ಗೊತ್ತೇ ಇರಲಿಲ್ಲ
ತನ್ನನ್ನು ಹಿಸೆ ಮಾಡಿದ್ದಾರೆಂದು.

ಮಧ್ಯಾಹ್ನ ಇಳಿತ. ಪುರ್ಸು ಹರಿಕಂತ್ರ ದೋಣಿ ನಿಲ್ಲಿಸಿ
"ಇಲ್ಲಿಂದ ಮುಂದೆ ನಿಮ್ಮ ಕಾಲು" ಎಂದ.
ಮೂಡಿಗೆರೆಯ ಕಾಫಿ ಮೊಣಕಾಲವರೆಗೆ ಹೂತಿತು,
ಜೋಳದವರು ಎಳೆದರು, ಚಪ್ಪಲಿ ಕೆಸರಿಗೇ ಉಳಿಯಿತು.
ಸುತ್ತ ಉಸಿರುಬೇರುಗಳು, ಪ್ರಶ್ನೆ ಕೇಳಲು ಎತ್ತಿದ ಬೆರಳುಗಳು.
ಮಂದಾಕಿನಿ ಒಂದು ಎಲೆ ಕಿತ್ತು ನಾಲಿಗೆಗೆ ತಾಗಿಸಿದಳು,
ಹಳೆಯ ಚಾಳಿ, ಗುರುಗಳು ಬೈಯುತ್ತಿದ್ದ ಚಾಳಿ.
ಒಂದು ಬದಿ ನೆಕ್ಕಿದ್ದನ್ನು ನನ್ನತ್ತ ಚಾಚಿದಳು.
"ಸಪ್ಪೆ."
ಇನ್ನೊಂದು ಬದಿ ನಾನು ನೆಕ್ಕಿದೆ.
"ಹ್ಞೂಂ. ಸಪ್ಪೆ."

ಸಂಜೆ ಪಾವ್ಲು ಪೇಟೆಯಿಂದ ಮೊಳೆ ತಂದ, ಸುತ್ತಿಗೆ ತಂದ,
ನನ್ನ ಪೋಸ್ಟರಿನ ನಾಲ್ಕೂ ಮೂಲೆಗೆ ಬಡಿದ.
ಅದು ಅಲುಗಲಿಲ್ಲ. ಆದರೂ ಎಡಮೂಲೆಯ ಹತ್ತಿರ
ಅವಳು ಬಂದು ನಿಂತಳು, ಕೈಕಟ್ಟಿ,
ಹುಬ್ಬು ಗಂಟಿಕ್ಕಿ, ಮೊದಲ ಪ್ರಶ್ನೆ ತನ್ನದೇ ಎಂಬಂತೆ.